ಕುರ್ಚಿ ಸೊನ್ನೆ, ಮೇಜು ಆರು

ಮಾರ್ಚ್ 4, ಸೋಮವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ನನ್ನ ಪ್ರೀತಿಯ ಸಭಿಕರೇ,

ಬೇರೆ ಯಾರೂ ಒಪ್ಪದ ಕಾರಣ ಈ ಹೊಸ ನೋಟ್‌ಬುಕ್ಕಿನ ಉದ್ಘಾಟನೆಯನ್ನು ನಾನೇ ನೆರವೇರಿಸುತ್ತಿದ್ದೇನೆ. ಭಾಷಣಕಾರ್ತಿಯ ಪರಿಚಯವನ್ನೂ ಭಾಷಣಕಾರ್ತಿಯೇ ಮಾಡಬೇಕಾಗಿದೆ. ವಯಸ್ಸು ನಲವತ್ತೈದು. ಕನ್ನಡ ಮಾಧ್ಯಮದ ಪದವೀಧರೆ. ಅಣ್ಣನ ಪೀಠೋಪಕರಣ ಕಾರ್ಖಾನೆಯಲ್ಲಿ ಆರ್ಡರು ಬರೆದುಕೊಳ್ಳುವವಳು. ಕಾರ್ಖಾನೆ ಅನ್ನುವುದು ಬೋರ್ಡಿನ ಮಾತು. ಒಳಗಿರುವುದು ಎರಡು ಮರಗೆಲಸದ ಬೆಂಚು, ಒಂದು ಕೊರೆಯುವ ಯಂತ್ರ, ಧೂಳು ಕೂರದಂತೆ ಬಾಗಿಲು ಮುಚ್ಚಿಕೊಂಡಿರುವ ಪಾಲಿಶ್ ಕೋಣೆ, ಮತ್ತು ಗಾಜಿನ ಕಿಟಕಿಯ ನನ್ನ ಗೂಡು.

ಒಂದನೇ ಬೆಂಚು ಅಣ್ಣನದು. ಎರಡನೆಯದು ಏಣಿಯದು. ಏಣಿ ಅನ್ನುವುದು ಎತ್ತರದಿಂದ ಬಂದ ಹೆಸರು, ಅವನಿಗೂ ಬೇಸರವಿಲ್ಲ. ಪಾಲಿಶ್ ಕೋಣೆಯಲ್ಲಿ ಪಾಲಿಶಣ್ಣ, ಅಪ್ಪನ ಕಾಲದಿಂದ, ಅಂದರೆ ಇಪ್ಪತ್ತೇಳು ವರ್ಷದಿಂದ. ಹಿಂಬದಿಯ ಮನೆಯಲ್ಲಿ ಅತ್ತಿಗೆ. ಮಹಡಿಯಲ್ಲಿ ನಾನು.

ಗ್ರಂಥಾಲಯದವರು ಓದುವ ಕೋಣೆಗೆ ನಲವತ್ತೆಂಟು ಕುರ್ಚಿ, ಇಪ್ಪತ್ನಾಲ್ಕು ಮೇಜು ಕೇಳಿದ್ದಾರೆ. ಮುಂದಿನ ಸೋಮವಾರದಿಂದ ನಾಲ್ಕು ವಾರ. ಆಗುತ್ತೋ ಇಲ್ಲವೋ ಶುಕ್ರವಾರದೊಳಗೆ ಹೇಳಬೇಕು. ಅಣ್ಣ ಎಂದಿನಂತೆ "ಆಗುತ್ತೆ ಬಿಡು" ಅಂದ. ಅಣ್ಣನಿಗೆ ಆಗದೆ ಇರುವುದು ಅಂತ ಯಾವುದೂ ಇಲ್ಲ, ಅದಕ್ಕೇ ಲೆಕ್ಕ ಹಾಕಲು ನಾನಿದ್ದೇನೆ.

ಸಣ್ಣ ಉದ್ಯಮದವರಿಗೆಂದು ಸಂಜೆ ತರಗತಿ ಇಂದು ಶುರುವಾಯಿತು. ಮೂರು ವಾರ, ಸೋಮವಾರ ಮತ್ತು ಶುಕ್ರವಾರ. ವಿಷಯ ಲೀನಿಯರ್ ಪ್ರೋಗ್ರಾಮಿಂಗ್. ಇರುವ ಕೈ, ಇರುವ ಗಂಟೆಯಲ್ಲಿ ಏನನ್ನು ಎಷ್ಟು ಮಾಡಿದರೆ ಲಾಭ ಹೆಚ್ಚು ಎಂದು ಗೆರೆ ಎಳೆದು ಕಂಡುಹಿಡಿಯುವ ವಿದ್ಯೆ. ಕಲಿಸುವ ಮೇಡಂ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. "ಒಂದು ಕಂಪನಿ ಕುರ್ಚಿ, ಮೇಜು ಮಾಡುತ್ತೆ ಅಂತ ಇಟ್ಕೊಳ್ಳೋಣ" ಅಂದರು. ನಾನು ಕೈ ಎತ್ತಿದೆ. "ಇಟ್ಕೊಳ್ಳೋದೇನೂ ಬೇಡ ಮೇಡಂ, ನಾವು ನಿಜವಾಗ್ಲೂ ಅದನ್ನೇ ಮಾಡ್ತೀವಿ."

ತರಗತಿಗೆ ಹೊರಡುವ ಮುಂಚೆ ಅತ್ತಿಗೆ ಟೀ ತಂದಿದ್ದರು. ಕಪ್ಪನ್ನು ಅಂಚಿನವರೆಗೂ ತುಂಬುವುದು ಅವರ ಔದಾರ್ಯ. ಅಣ್ಣ ಬಾಯಿಗೆ ಎತ್ತುವಷ್ಟರಲ್ಲಿ ಅರ್ಧ ಸಾಸರಿನಲ್ಲಿತ್ತು.

ಕಪ್ಪಿನಲ್ಲಿದ್ದರೆ ಟೀ,
ಸಾಸರಿಗೆ ಬಿದ್ದರೆ ಫ್ರೀ.

ಸಭಿಕರು ಚಪ್ಪಾಳೆ ತಟ್ಟಬಹುದು.

ಮಾರ್ಚ್ 6, ಬುಧವಾರ

ಮಾನ್ಯರೇ, ಇಂದು ಪ್ರಾತ್ಯಕ್ಷಿಕೆ.

ಮೇಡಂ ಹೇಳಿದ ಪ್ರಕಾರ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಏನನ್ನು ತೀರ್ಮಾನಿಸಬೇಕು? ಏನನ್ನು ಹೆಚ್ಚಿಸಬೇಕು? ಏನು ಅಡ್ಡ ಬರುತ್ತದೆ? ನನ್ನ ಮದುವೆಯ ಮಾತುಕತೆಯಲ್ಲಿ ಎಲ್ಲರೂ ಮೂರನೆಯದರಿಂದಲೇ ಶುರುಮಾಡಿದ್ದರು, ಹಾಗಾಗಿ ಇನ್ನೂ ಅಣ್ಣನ ಮಹಡಿಯಲ್ಲಿದ್ದೇನೆ.

ತೀರ್ಮಾನಿಸಬೇಕಾದ್ದು: ವಾರಕ್ಕೆ ಎಷ್ಟು ಕುರ್ಚಿ (ಅಕ್ಷರ ಕ), ಎಷ್ಟು ಮೇಜು (ಅಕ್ಷರ ಮ). ಹೆಚ್ಚಿಸಬೇಕಾದ್ದು ಲಾಭ: ಕುರ್ಚಿಗೆ ನಾನೂರು, ಮೇಜಿಗೆ ಸಾವಿರ. ಅಡ್ಡ ಬರುವುದು ಗಂಟೆಗಳು. ಅಣ್ಣ, ಏಣಿ ಇಬ್ಬರದೂ ಸೇರಿ ವಾರಕ್ಕೆ ತೊಂಬತ್ತಾರು ಗಂಟೆ. ಒಂದು ಕುರ್ಚಿಗೆ ನಾಲ್ಕು ಗಂಟೆ, ಒಂದು ಮೇಜಿಗೆ ಎಂಟು. ಪಾಲಿಶಣ್ಣನದು ನಲವತ್ತೆಂಟು ಗಂಟೆ. ಕುರ್ಚಿಗೆ ಒಂದೂವರೆ, ಮೇಜಿಗೆ ಐದು.

ಈ ಅಂಕಿಗಳನ್ನೆಲ್ಲ ಅಣ್ಣ ಕಣ್ಣುಮುಚ್ಚಿ ಹೇಳಿದ. "ಅಪ್ಪನ ಕಾಲದಿಂದ ಇಷ್ಟೇ ಕಣೇ. ಕುರ್ಚಿ ಬದಲಾಗಿಲ್ಲ, ನಾವು ಬದಲಾಗಿಲ್ಲ." ಮೇಜಿನ ಜಾಯಿಂಟುಗಳನ್ನು ಯಂತ್ರ ಕೊರೆದುಕೊಡುತ್ತದೆ. ಕುರ್ಚಿಯದು ಪೂರ್ತಿ ಕೈ ಉಳಿಯ ಕೆಲಸ, ಅದರಲ್ಲಿ ಅಣ್ಣನನ್ನು ಮೀರಿಸಿದವರಿಲ್ಲ. ಕುರ್ಚಿ ಬೇಕಾದವರು "ನಿಮ್ಮಣ್ಣನ ಕೈಯದು ಇದೆಯಾ" ಅಂತಲೇ ಕೇಳುತ್ತಾರೆ.

ಕೊನೆಗೊಂದು ಷರತ್ತು ಬರೆಯಲೇಬೇಕಂತೆ: ಯಾವುದೂ ಸೊನ್ನೆಗಿಂತ ಕಡಿಮೆ ಇರಬಾರದು. "ಮೈನಸ್ ಮೂರು ಕುರ್ಚಿ ಯಾರು ಮಾಡ್ತಾರೆ?" ಅಂತ ನಾನು ನಕ್ಕೆ. ಏಣಿ ತಲೆ ಎತ್ತದೆ ಕೇಳಿದ, "ಕೂತವರ ಕೆಳಗೆ ಮುರಿದದ್ದು ಲೆಕ್ಕಕ್ಕಿಲ್ವಾ ಅಕ್ಕಾ?"

ಕುರ್ಚಿಗೆ ನಾಲ್ಕು, ಮೇಜಿಗೆ ಎಂಟು,
ಲೆಕ್ಕ ಬಲ್ಲವಳಿಗೆ ಎಲ್ಲಿದೆ ಕಗ್ಗಂಟು?

ಮಾರ್ಚ್ 7, ಗುರುವಾರ

ಗೆರೆ ಎಳೆದೆ. ಉತ್ತರ ಯಾವಾಗಲೂ ಮೂಲೆಯಲ್ಲೇ ಇರುತ್ತದಂತೆ. ಏನೂ ಮಾಡದ ಮೂಲೆಯನ್ನು ಬಿಟ್ಟರೆ ನಮಗೆ ಮೂರು ಮೂಲೆ ಸಿಕ್ಕಿದವು. ಬರೀ ಕುರ್ಚಿಯಾದರೆ ಇಪ್ಪತ್ನಾಲ್ಕು, ಲಾಭ ಒಂಬತ್ತು ಸಾವಿರದ ಆರುನೂರು. ಬರೀ ಮೇಜಾದರೆ ಒಂಬತ್ತು ದಶಾಂಶ ಆರು, ಲಾಭ ಅಷ್ಟೇ. (ಆ ದಶಾಂಶ ಆರು ಮೇಜಿಗೆ ಎರಡು ಕಾಲು ಮತ್ತು ಒಂದು ಕುಂಟು ನೆಪ.) ಎರಡು ಗೆರೆ ಕೂಡುವ ಮೂಲೆಯಲ್ಲಿ ಹನ್ನೆರಡು ಕುರ್ಚಿ, ಆರು ಮೇಜು. ಲಾಭ ಹತ್ತು ಸಾವಿರದ ಎಂಟುನೂರು.

ಹನ್ನೆರಡು ನಾಲ್ಕಲ ನಲವತ್ತೆಂಟು. ಆರು ನಾಲ್ಕಲ ಇಪ್ಪತ್ನಾಲ್ಕು. ಗ್ರಂಥಾಲಯ ಕೇಳಿದ್ದು ಅಷ್ಟೇ! ನಾನು ಕುಣಿಯಲಿಲ್ಲ, ಆದರೆ ಗೂಡಿನ ಕುರ್ಚಿ ಒಂದು ಸುತ್ತು ತಿರುಗಿತು. ಆಗುತ್ತದೆಂದು ಫೋನ್ ಮಾಡಿ ಹೇಳಿದೆ.

ಮಾರ್ಚ್ 16, ಶನಿವಾರ

ಮೊದಲ ವಾರ ಮುಗಿಯಿತು. ಹನ್ನೆರಡು ಕುರ್ಚಿ ಸಿದ್ಧ. ಮೇಜು ಮೂರೇ ಸಿದ್ಧ. ಇನ್ನು ಮೂರು ಮೇಜು ಪಾಲಿಶ್ ಕೋಣೆಯ ಹೊರಗೆ ಸಾಲಾಗಿ, ಬಸ್ಸಿಗೆ ಕಾದವರಂತೆ ನಿಂತಿವೆ.

ಅಣ್ಣ, ಏಣಿ ತಮ್ಮ ಪಾಲನ್ನು ಮುಗಿಸಿದ್ದಾರೆ. ಒಬ್ಬೊಬ್ಬರೂ ಆರು ಕುರ್ಚಿ, ಮೂರು ಮೇಜು. ಹಾಗಾದರೆ ಸಿಕ್ಕಿಕೊಂಡಿರುವುದು ಎಲ್ಲಿ ಎಂದು ಕೇಳಲು ಗಣಿತವೇ ಬೇಕಿಲ್ಲ. ಆದರೂ ಗಣಿತ ಮಾಡಿದೆ. ಪಾಲಿಶಣ್ಣನ ನಲವತ್ತೆಂಟು ಗಂಟೆಯಲ್ಲಿ ಮೂರು ಮೇಜಿಗೆ ಹದಿನೈದು ಹೋದವು. ಉಳಿದ ಮೂವತ್ತಮೂರನ್ನು ಹನ್ನೆರಡು ಕುರ್ಚಿಗೆ ಹಂಚಿದರೆ ಕುರ್ಚಿಗೆ ಎರಡೂ ಮುಕ್ಕಾಲು ಗಂಟೆ. ಒಂದೂವರೆ ಇರಬೇಕಾದದ್ದು ಎರಡೂ ಮುಕ್ಕಾಲು!

ಸಭಿಕರಲ್ಲಿ ಗುಸುಗುಸು.

ಪಾಲಿಶಣ್ಣ, ಪಾಲಿಶಣ್ಣ,
ಎಲ್ಲಿ ಹೋಯ್ತು ಗಂಟೆಯ ಬಣ್ಣ?

ಚೆನ್ನಾಗಿಲ್ಲ. ಇರಲಿ.

ಮಾರ್ಚ್ 18, ಸೋಮವಾರ

ಇಂದು ತರಗತಿಯಲ್ಲಿ ಛಾಯಾ ಬೆಲೆ. ಒಂದು ಗಂಟೆ ಹೆಚ್ಚು ಸಿಕ್ಕರೆ ಲಾಭ ಎಷ್ಟು ಏರುತ್ತದೋ ಅದೇ ಆ ಗಂಟೆಯ ಛಾಯಾ ಬೆಲೆ. ನಮ್ಮಲ್ಲಿ ಮರಗೆಲಸದ ಗಂಟೆಗೆ ಅರವತ್ತೆರಡೂವರೆ, ಪಾಲಿಶ್ ಗಂಟೆಗೆ ನೂರು. ಅಪ್ಪನ ಕಾಲದಿಂದ ಮರಗೆಲಸದವರು ಪಾಲಿಶಿನವರನ್ನು ಒರೆಸುವವರು ಅಂತ ಕಿಚಾಯಿಸುತ್ತ ಬಂದಿದ್ದಾರೆ. ಈ ನೂರರ ಲೆಕ್ಕವನ್ನು ಅಣ್ಣನಿಗೆ ಹೇಳಲಿಲ್ಲ.

ನೂರರ ಗಂಟೆಯನ್ನು ಪಾಲಿಶಣ್ಣ ವಾರಕ್ಕೆ ಹದಿನೈದು ಪೋಲು ಮಾಡುತ್ತಿದ್ದಾರೆ. ಸ್ಪ್ರೇ ಯಂತ್ರ ಇಟ್ಟುಕೊಂಡ ಒಬ್ಬನ ನಂಬರು ಸಿಕ್ಕಿತು. ಕುರ್ಚಿಗೆ ಒಂದೇ ಗಂಟೆ ಅನ್ನುತ್ತಾನೆ. ಮುಂದಿನ ಸೋಮವಾರದಿಂದ ಬರಬಲ್ಲನಂತೆ.

ಅಣ್ಣನ ಬೆಂಚಿನ ಬಳಿ ಹೋಗಿ ಹೇಳಿದೆ. ಅಣ್ಣ ಉಳಿ ಹಿಡಿದೇ ಕೇಳಿದ.

"ಅವನನ್ನ ಬಿಡಿಸೋದಾ?"

"ಲೆಕ್ಕ ಹಾಗೆ ಹೇಳುತ್ತೆ."

"ಲೆಕ್ಕ ಹೇಳಿದ್ರೆ..." ಅಂದ. ಉಳಿ ಕೈಯಿಂದ ಜಾರಿ ಕಾಲಿನ ಪಕ್ಕ ಬಿತ್ತು. ಹಿಡಿಗೆ ಎಣ್ಣೆ ಹೆಚ್ಚಾಗಿರಬೇಕು.

ಮಾರ್ಚ್ 20, ಬುಧವಾರ

ಪಾಲಿಶಣ್ಣನನ್ನು ಗೂಡಿಗೆ ಕರೆದೆ. ಕೂರಿ ಅಂದರೂ ಕೂರಲಿಲ್ಲ, ಬಟ್ಟೆಗೆ ಪಾಲಿಶ್ ಹತ್ತಿದೆ ಅಂದರು. ಕಾಗದವನ್ನು ತೋರಿಸಿದೆ. ಒಂದೂವರೆ ಎಲ್ಲಿ, ಎರಡೂ ಮುಕ್ಕಾಲು ಎಲ್ಲಿ.

"ಹೌದು ತಂಗೀ, ನಿಧಾನ ಆಗಿದೆ."

"ಯಾಕೆ?"

"ವಯಸ್ಸು ಅಂತ ಬರ್ಕೊಳ್ಳಿ."

ನಾನು ನಿಜಕ್ಕೂ ಬರೆದುಕೊಂಡೆ. ಬರೆದ ಮೇಲೆ ಹೊಸಬನ ವಿಷಯ ಹೇಳಿದೆ. ಅವರು ಜಗಳ ಆಡುತ್ತಾರೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಖರ್ಚಾಗಲಿಲ್ಲ.

"ಶನಿವಾರದ ತನಕ ಇರ್ತೀನಿ. ಆಮೇಲೆ ಮಗಳ ಮನೆ ಹತ್ರ ಏನಾದ್ರೂ ನೋಡ್ಕೋತೀನಿ. ಒಂದೇ ಒಂದು ಮಾತು. ಹೊಸಬನಿಗೆ, ಪಾಲಿಶ್ ಹೊಡೆಯೋ ಮುಂಚೆ ಕುರ್ಚಿನ ಒಂದ್ಸಲ ಅಲ್ಲಾಡಿಸಿ ನೋಡೋಕೆ ಹೇಳಿ."

"ಯಾಕೆ?"

"ಸುಮ್ನೆ. ಅಭ್ಯಾಸ."

ಬಾಗಿಲಲ್ಲಿ ತಿರುಗಿ, "ನಿಮ್ಮಣ್ಣನ ಮುಂದೆ ಈ ಕಾಗದ ಇಡಬೇಡಿ" ಅಂದರು. ಇಪ್ಪತ್ತೇಳು ವರ್ಷದ ಸ್ನೇಹಿತನ ಮುಂದೆ ಅವಮಾನ ಬೇಡ ಅನ್ನಿಸಿರಬೇಕು.

ಮಾರ್ಚ್ 21, ಗುರುವಾರ

ಅತ್ತಿಗೆ ಇಂದಿನಿಂದ ಟೀಯನ್ನು ಉದ್ದನೆಯ ಲೋಟದಲ್ಲಿ ಕೊಡುತ್ತಿದ್ದಾರೆ, ಅದೂ ಅರ್ಧ. ಕಪ್ಪುಗಳೆಲ್ಲ ಒಡೆದುಹೋದವಂತೆ. ಅಡುಗೆಮನೆಯ ಗೋಡೆಯಲ್ಲಿ ಆರು ಕಪ್ಪು ನೇತಾಡುತ್ತಿದ್ದವು. ಬೇರೆ ಸೆಟ್ಟಿನವು ಇರಬಹುದು.

ಪ್ರಾಸ ಹೊಳೆಯಲಿಲ್ಲ. ಲೋಟಕ್ಕೆ ನೋಟ ಅಂತ ಬರುತ್ತದೆ. ಬೇಡ ಅನ್ನಿಸಿತು.

ಮಾರ್ಚ್ 22, ಶುಕ್ರವಾರ

ತರಗತಿಯ ಕೊನೆಯ ದಿನ. ಎಲ್ಲರೂ ತಂತಮ್ಮ ಲೆಕ್ಕದ ಮಾಡೆಲ್ ತೋರಿಸಬೇಕಿತ್ತು. ನಾನು ಒಂದೂವರೆ, ಎರಡೂ ಮುಕ್ಕಾಲಿನ ಕಥೆ ಹೇಳಿ, ಪಾಲಿಶಿನವರನ್ನು ಬದಲಾಯಿಸುತ್ತಿದ್ದೇವೆ ಎಂದು ಮುಗಿಸಿದೆ. ಮೇಡಂ ಮೆಚ್ಚುತ್ತಾರೆ ಅಂದುಕೊಂಡಿದ್ದೆ.

"ಎರಡೂ ಮುಕ್ಕಾಲು ನೀವು ಗಡಿಯಾರ ಹಿಡಿದು ನೋಡಿದ್ದಾ, ಭಾಗಿಸಿ ತೆಗೆದದ್ದಾ?"

"ಭಾಗಿಸಿದ್ದು."

"ಒಂದು ಕುರ್ಚಿಗಾದ್ರೂ ಸರಿಯಾಗಿ ಎರಡೂ ಮುಕ್ಕಾಲು ಹಿಡಿದಿದೆಯಾ?"

ಗೊತ್ತಿರಲಿಲ್ಲ.

"ಸರಾಸರಿಯಲ್ಲಿ ಎರಡು ಥರದ ಕುರ್ಚಿ ಅಡಗಿ ಕೂತಿರಬಹುದು. ಬೇರೆಬೇರೆ ಇರೋದನ್ನ ಒಂದೇ ಅಕ್ಷರದಲ್ಲಿ ಬರೆದ್ರೆ ಮಾಡೆಲ್ ಸುಳ್ಳು ಹೇಳಲ್ಲ, ನೀವು ಹೇಳಿಸ್ತೀರಿ. ಹೋಗಿ ನೋಡ್ಕೊಂಡು ಬನ್ನಿ."

ಇಪ್ಪತ್ತೈದು ವರ್ಷದ ಹುಡುಗಿ. ಬೈದ ಹಾಗೆಯೂ ಇರಲಿಲ್ಲ.

ಮಾರ್ಚ್ 23, ಶನಿವಾರ

ಬೆಳಿಗ್ಗೆ ಎಂಟಕ್ಕೇ ಪಾಲಿಶ್ ಕೋಣೆಗೆ ಹೋಗಿ ಮೂಲೆಯ ಡಬ್ಬದ ಮೇಲೆ ಕುಳಿತೆ. ಪಾಲಿಶಣ್ಣ ಬೇಡ ಅಂದರು, ವಾಸನೆ ಅಂದರು, ತಲೆನೋವು ಬರುತ್ತೆ ಅಂದರು. ನಾನು ಏಳಲಿಲ್ಲ.

ಮೊದಲನೇ ಕುರ್ಚಿಯನ್ನು ಮಗುಚಿದರು. ಅಡಿಯಲ್ಲಿ ಸೀಮೆಸುಣ್ಣದ ಒಂದು ಗೆರೆ. ಮಾಡಿದವರು ಅಡಿಯಲ್ಲಿ ಗುರುತು ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಗೆರೆ ಏಣಿಯದು. ಉಪ್ಪುಕಾಗದದ ಉಜ್ಜು, ಪಾಲಿಶಿನ ಒಂದು ಕೋಟು, ಇನ್ನೊಂದು ಕೋಟು. ಒಂದೂವರೆ ಗಂಟೆಗೆ ಎರಡು ನಿಮಿಷ ಕಡಿಮೆ.

ಎರಡನೇ ಕುರ್ಚಿಯ ಅಡಿಯಲ್ಲಿ ದುಂಡು ಗುರುತು. ಅದು ಅಣ್ಣನದು. ದುಂಡಿನ ಎರಡು ತುದಿ ಕೂಡಿರಲಿಲ್ಲ, ಗೆರೆ ಇರುವೆ ನಡೆದ ಹಾಗೆ ಹೋಗಿತ್ತು.

ಪಾಲಿಶಣ್ಣ ಕುರ್ಚಿಯನ್ನು ಅಲ್ಲಾಡಿಸಿದರು. ಅದು ಅಲ್ಲಾಡಿತು. ನನ್ನ ಕಡೆ ನೋಡದೆ, ಬಟ್ಟೆಯ ಗಂಟಿನಿಂದ ಒಂದು ಉಳಿ ತೆಗೆದರು. ಜಾಯಿಂಟು ಬಿಚ್ಚಿ, ಕೆತ್ತಿ, ಸಣ್ಣ ಚಕ್ಕೆ ಸೇರಿಸಿ, ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಿರುಕು ತುಂಬಿ, ಬಿಗಿದು ಕಟ್ಟಿ, ಒಣಗಿಸಿ, ಉಜ್ಜಿ, ಆಮೇಲೆ ಪಾಲಿಶ್. ನಾಲ್ಕು ಗಂಟೆ. ಅಣ್ಣನ ಆರು ಕುರ್ಚಿಗೆ ಇಪ್ಪತ್ನಾಲ್ಕು, ಏಣಿಯ ಆರಕ್ಕೆ ಒಂಬತ್ತು. ಮೂವತ್ತಮೂರು. ನನ್ನ ಸರಾಸರಿ ಎಷ್ಟು ನೀಟಾಗಿ ಬಂದಿತ್ತು.

"ಎಷ್ಟು ದಿನದಿಂದ?"

"ಮೂರು ತಿಂಗಳಾಯ್ತು. ಮೊದಲು ಒಂದೊಂದು ಇತ್ತು. ಈಗ ಎಲ್ಲಾನೂ."

"ನನಗ್ಯಾಕೆ ಹೇಳ್ಲಿಲ್ಲ? ಕೆಲಸ ಹೋಗ್ತಿತ್ತು ನಿಮ್ಮದು!"

"ನಾನು ಹೋದ್ರೆ ಪಾಲಿಶಿನವನು ಹೋದ ಅಂತಾರೆ ತಂಗೀ, ಇನ್ನೊಬ್ಬ ಬರ್ತಾನೆ. ನಿಮ್ಮಣ್ಣನ ಕೈ ಹೋಯ್ತು ಅಂತ ಊರಿಗೆ ಗೊತ್ತಾದ್ರೆ?" ಉಳಿಯನ್ನು ಒರೆಸಿ ಮತ್ತೆ ಗಂಟು ಕಟ್ಟಿದರು. "ನನಗೆ ಉಳಿ ಹಿಡಿಯೋದು ಕಲಿಸಿದ್ದೇ ಅವನು. ಒರೆಸೋನು ಒರೆಸೋನು ಅಂತ ರೇಗಿಸಿ ರೇಗಿಸಿ ಕಲಿಸಿದ."

ವಯಸ್ಸು ಅಂತ ಬರೆದುಕೊಂಡ ಕಾಗದವನ್ನು ಅವರ ಎದುರಿಗೇ ಹರಿದೆ. ಹೋಗಬೇಡಿ, ತಪ್ಪಾಯಿತು ಅಂದೆ. "ಅಯ್ಯೋ, ಬಿಡಿ" ಅಂದರು. ಬಿಡಲು ಆಗುತ್ತಿಲ್ಲ.

ಮಾರ್ಚ್ 25, ಸೋಮವಾರ

ಸ್ಪ್ರೇಯವನಿಗೆ ಬರಬೇಡ ಅಂದೆ. ಬೈದ.

ಮಾರ್ಚ್ 26, ಮಂಗಳವಾರ

ಅಕ್ಷರಗಳನ್ನು ಬೇರೆ ಮಾಡಿದೆ. ಅಣ್ಣನ ಕುರ್ಚಿ, ಅಣ್ಣನ ಮೇಜು, ಏಣಿಯ ಕುರ್ಚಿ, ಏಣಿಯ ಮೇಜು. ಒಬ್ಬೊಬ್ಬರಿಗೆ ನಲವತ್ತೆಂಟು ಗಂಟೆ. ಪಾಲಿಶಿನಲ್ಲಿ ಅಣ್ಣನ ಕುರ್ಚಿಗೆ ನಾಲ್ಕು, ಏಣಿಯದಕ್ಕೆ ಒಂದೂವರೆ, ಯಂತ್ರ ಕೊರೆದ ಮೇಜು ಯಾರದಾದರೂ ಐದು.

ಉತ್ತರ ಬಂತು. ಏಣಿ ಹನ್ನೆರಡು ಕುರ್ಚಿ, ಮೇಜು ಇಲ್ಲ. ಅಣ್ಣ ಕುರ್ಚಿ ಸೊನ್ನೆ, ಮೇಜು ಆರು. ಪಾಲಿಶಣ್ಣನಿಗೆ ಹದಿನೆಂಟು ಮತ್ತು ಮೂವತ್ತು, ಸರಿಯಾಗಿ ನಲವತ್ತೆಂಟು. ಹನ್ನೆರಡೂ ಆರೂ ಬರುತ್ತವೆ, ಲಾಭದಲ್ಲಿ ಒಂದು ಬಿಡಿಕಾಸೂ ಕಡಿಮೆಯಿಲ್ಲ, ಯಾರೂ ಕೆಲಸ ಬಿಡಬೇಕಿಲ್ಲ. ಎರಡು ವಾರ ಮುಂಚೆ ಬಂದಿದ್ದರೆ ಕುಣಿಯುತ್ತಿದ್ದೆ. ಆ ಸೊನ್ನೆಯನ್ನೇ ನೋಡುತ್ತ ಕುಳಿತೆ. ಕುರ್ಚಿಗೆ ಹೆಸರಾದವನಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ?

ಹೇಳಬೇಕಾಗಲಿಲ್ಲ. ಪೆನ್ಸಿಲ್ ಕೇಳಲು ಬಂದ ಅಣ್ಣ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ.

"ಇದರಲ್ಲಿ ನಾನು ಯಾರು?"

"ಮೊದಲನೇ ಸಾಲು."

ಓದಿದ. ಮತ್ತೆ ಓದಿದ. ನಾಲ್ಕು, ಒಂದೂವರೆ ಎಂದು ಬರೆದಿದ್ದ ಕಡೆ ಬೆರಳಿಟ್ಟ. ಬೆರಳು ನಿಲ್ಲಲಿಲ್ಲ, ಇನ್ನೊಂದು ಕೈಯಿಂದ ಅದುಮಿ ಹಿಡಿದ.

"ಲೆಕ್ಕ ತಪ್ಪಿಲ್ಲ ತಾನೇ?"

"ಮೂರು ಸಲ ಮಾಡಿದೆ ಅಣ್ಣ. ಬೇಕಾದ್ರೆ, ನಿನಗೆ ವಾರಕ್ಕೆ ಒಂದಾದ್ರೂ ಕುರ್ಚಿ ಅಂತ ಒಂದು ಷರತ್ತು ಸೇರಿಸ್ತೀನಿ. ಸೇರಿಸಬಹುದು."

"ಸೇರಿಸಿದ್ರೆ ಏನಾಗುತ್ತೆ?"

"ಪಾಲಿಶಣ್ಣನ ಎರಡೂವರೆ ಗಂಟೆ ಹೋಗುತ್ತೆ."

"ಅವನದು ಆಗಲೇ ಎಷ್ಟು ಹೋಗಿದೆಯೋ." ಪೆನ್ಸಿಲ್ ತೆಗೆದುಕೊಂಡು ನನ್ನ ಸೊನ್ನೆಯ ಪಕ್ಕದಲ್ಲಿ ತಾನೊಂದು ಬರೆಯಲು ನೋಡಿದ. ತುದಿಗಳು ಕೂಡಲಿಲ್ಲ. "ನಿನ್ನ ಸೊನ್ನೆ ದುಂಡಗಿದೆ ಕಣೇ. ನನಗೀಗ ಸೊನ್ನೆನೂ ಬರಲ್ಲ."

ಅಣ್ಣ ಸೀದಾ ಪಾಲಿಶ್ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿತು.

"ನನ್ನ ಕುರ್ಚಿಗೆ ಉಳಿ ಹಾಕೋಕೆ ನಿನಗೆ ಯಾರೋ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅದಕ್ಕೇ ಹಾಕಿದೆ."

"ಒರೆಸೋನು ನೀನು!"

"ಹೂಂ, ಒರೆಸ್ತಾನೇ ಇದ್ದೆ."

ಏಣಿ ಯಂತ್ರ ನಿಲ್ಲಿಸಿ ನಿಂತಿದ್ದ. ಆಮೇಲೆ ಅಣ್ಣನ ದನಿ: "ತೋರಿಸು, ಏನ್ ಕೆತ್ತಿದೀಯ ನೋಡೋಣ. ...ಪರವಾಗಿಲ್ವೋ."

ಮಾರ್ಚ್ 28, ಗುರುವಾರ

ಅತ್ತಿಗೆ ಅಣ್ಣನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಮಾತ್ರೆ ಕೊಟ್ಟಿದ್ದಾರೆ. ನಡುಕ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲವಂತೆ. ಅಣ್ಣ ಮಧ್ಯಾಹ್ನವೇ ಬಂದು ಮೇಜಿನ ಮರ ಯಂತ್ರಕ್ಕೆ ಕೊಟ್ಟ. ಎರಡು ಕೈಯಲ್ಲಿ ಒತ್ತಿ ಹಿಡಿಯುವ ಕೆಲಸ. ಒತ್ತಿ ಹಿಡಿದಾಗ ಕೈ ನಡುಗುವುದಿಲ್ಲ.

ಏಪ್ರಿಲ್ 10, ಬುಧವಾರ

ಮಾನ್ಯ ಅಧ್ಯಕ್ಷರೇ, ಸಭಿಕರೇ, ವರದಿ ಒಪ್ಪಿಸುತ್ತಿದ್ದೇನೆ. ನಲವತ್ತೆಂಟು ಕುರ್ಚಿ, ಇಪ್ಪತ್ನಾಲ್ಕು ಮೇಜು ಇಂದು ಗ್ರಂಥಾಲಯ ಸೇರಿದವು. ನಾಲ್ಕು ದಿನ ತಡ. ಮೊದಲ ಎರಡು ವಾರದ ಬಾಕಿ ಮೇಜುಗಳನ್ನು ಪಾಲಿಶಣ್ಣನ ಜೊತೆ ಅಣ್ಣನೂ ಕುಳಿತು ಉಜ್ಜಿದ. ಉಪ್ಪುಕಾಗದ ಹಿಡಿದರೆ ನಡುಕವೂ ಕೆಲಸಕ್ಕೆ ಬರುತ್ತದೆ ಅಂತ ತಾನೇ ನಗೆಯಾಡಿದ. ನಾವು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಪಾಲಿಶಣ್ಣ ಮೊದಲು ನಕ್ಕರು.

ಗ್ರಂಥಾಲಯದ ಮುಖ್ಯಸ್ಥೆ ಗೋಡೆಯ ಕ್ಯಾಲೆಂಡರ್ ನೋಡಿದರು. "ತಡವಾಗಿ ಬಂದ ಪುಸ್ತಕಕ್ಕೆ ದಂಡ ಹಾಕ್ತೀವಿ. ಮೇಜಿಗೆ ಎಷ್ಟು ಅಂತ ನಮ್ಮ ಪಟ್ಟಿಯಲ್ಲಿ ಇಲ್ಲ, ಬದುಕಿಕೊಂಡ್ರಿ." ಒಂದು ಮೇಜನ್ನು ಸವರಿ, "ಇದು ನಿಮ್ಮಣ್ಣನ ಕೈಯದಾ?" ಅಂದರು. ಹೌದು ಅಂದೆ. ಬಗ್ಗಿ ಅಡಿ ನೋಡಿದೆ. ದುಂಡು ಗುರುತಿತ್ತು. ತುದಿ ಕೂಡಿರಲಿಲ್ಲ, ಅಳಿಸಿಯೂ ಇರಲಿಲ್ಲ.

ಇನ್ನು ವಂದನಾರ್ಪಣೆ. ಮಾನ್ಯರೇ, ಈ ಕಾರ್ಯಕ್ರಮಕ್ಕೆ ಆಗಮಿಸಿ

ಇಲ್ಲ. ಯಾರೂ ಬಂದಿಲ್ಲ. ಇಲ್ಲಿ ನಾನೊಬ್ಬಳೇ ಇದ್ದೇನೆ.

ಮಾರ್ಚ್ ನಾಲ್ಕರಂದು ಟೀ ಕಪ್ಪು ತುಂಬಿರಲಿಲ್ಲ. ಅತ್ತಿಗೆ ಮುಕ್ಕಾಲೇ ತಂದಿದ್ದರು. ಅಣ್ಣನ ಕೈ ನಡುಗಿದ್ದನ್ನು ನಾನು ಅವತ್ತೇ ನೋಡಿದ್ದೆ. ನೋಡಿಯೂ ಅತ್ತಿಗೆಯ ಔದಾರ್ಯ ಅಂತ ಬರೆದೆ, ಉಳಿಯ ಎಣ್ಣೆ ಅಂತ ಬರೆದೆ, ಪಾಲಿಶಣ್ಣನ ವಯಸ್ಸು ಅಂತ ಬರೆದೆ.